ಬೆನ್ನಿಗೆ ಚುಚ್ಚುಮದ್ದು: ಮನೆಗೆ ಬಂದ ಮೇಲೆ?

ಸೊಂಟದಲ್ಲಿ ಹುಟ್ಟಿ ತೊಡೆ, ಮೀನಖಂಡಗಳನ್ನು ಹಾದು ಪಾದದವರೆಗೆ ಮಿಂಚಿನಂತೆ ಹರಿಯುವ ನೋವನ್ನು ಅನುಭವಿಸಿದವರೇ ಬಲ್ಲರು. ಆಯುರ್ವೇದದಲ್ಲಿ ಗೃಧ್ರಸಿ ಎಂದೂ, ಆಸ್ಪತ್ರೆಗಳಲ್ಲಿ ಸಯಾಟಿಕಾ ಎಂದೂ ಕರೆಸಿಕೊಳ್ಳುವ ಈ ನೋವು ಮಾತ್ರೆ, ವ್ಯಾಯಾಮಗಳಿಗೆ ಬಗ್ಗದಿದ್ದಾಗ ವೈದ್ಯರು ಬೆನ್ನಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಸೂಚಿಸುವುದುಂಟು. ಚುಚ್ಚುವ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸಾಮಾನ್ಯವಾಗಿ ಅದೇ ದಿನ ರೋಗಿ ಮನೆಗೆ ಮರಳುತ್ತಾರೆ. ಅಲ್ಲಿಂದ ಮುಂದಿನ ಎರಡು ಮೂರು ವಾರ ಹೇಗಿರಬೇಕೆಂಬುದು ಮಾತ್ರ ಹಲವರಿಗೆ ತಿಳಿದಿರುವುದಿಲ್ಲ.

ಮದ್ದು ಮಾಡುವುದೇನು?

ನಮ್ಮ ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕ್‌ಗಳಿವೆ. ಒಂದೊಂದರಲ್ಲೂ ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಎಳನೀರಿನ ಗಂಜಿಯಂಥ ಮೆತ್ತನೆಯ ತಿರುಳು. ಉಂಗುರ ಹರಿದು ತಿರುಳು ಹೊರಚಾಚಿ ನರದ ಬೇರನ್ನು ಒತ್ತಿದರೆ ನೋವು ಕಾಲಿಗಿಳಿಯುತ್ತದೆ. ಇದನ್ನು 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಸ್ಪಷ್ಟವಾಗಿ ತೋರಿಸಿಕೊಟ್ಟರು.

ಜನ ‘ಡಿಸ್ಕಿಗೆ ಇಂಜೆಕ್ಷನ್’ ಎಂದರೂ ಸಾಮಾನ್ಯವಾಗಿ ಸೂಜಿ ಡಿಸ್ಕಿನೊಳಕ್ಕೆ ಹೋಗುವುದಿಲ್ಲ. ಮದ್ದು ಬೀಳುವುದು ನರದ ಸುತ್ತಲಿನ ಜಾಗದಲ್ಲಿ. ಅದು ಹೊರಬಂದ ತಿರುಳನ್ನು ಹಿಂದಕ್ಕೆ ತಳ್ಳುವುದಿಲ್ಲ, ಹರಿದ ಉಂಗುರವನ್ನು ಹೊಲಿಯುವುದೂ ಇಲ್ಲ. ನರದ ಸುತ್ತಲಿನ ಉರಿಯೂತವನ್ನಷ್ಟೇ ತಗ್ಗಿಸುತ್ತದೆ. ಇದರ ಉಪಶಮನ ಕೆಲವರಿಗೆ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು. ಕೆಲವರಿಗೆ ಪ್ರಯೋಜನವಾಗದೆಯೂ ಇರಬಹುದು. ಸಮಾಧಾನದ ಸಂಗತಿಯೆಂದರೆ, ಹೊರಚಾಚಿದ ತಿರುಳು ಬಹುಮಂದಿಯಲ್ಲಿ ಕಾಲಕ್ರಮೇಣ ತಾನಾಗಿಯೇ ಕುಗ್ಗುತ್ತದೆ. ಅಲ್ಲಿಯವರೆಗೆ ನಿಮ್ಮನ್ನು ಓಡಾಡುವಂತೆ ಮಾಡುವುದೇ ಚುಚ್ಚುಮದ್ದಿನ ಉದ್ದೇಶ. ಆದ್ದರಿಂದ ನೋವು ನಿಂತಿತೆಂದರೆ ಡಿಸ್ಕ್ ವಾಸಿಯಾಯಿತೆಂದು ತಿಳಿಯಬೇಡಿ.

ಮೊದಲ ದಿನ

ಸ್ಟೀರಾಯ್ಡ್ ಜೊತೆ ಅರಿವಳಿಕೆ ಮದ್ದನ್ನೂ ಸೇರಿಸುವುದರಿಂದ ಕೆಲವು ಗಂಟೆ ಕಾಲು ಜೋಮು ಹಿಡಿದಂತೆ, ಶಕ್ತಿಗುಂದಿದಂತೆ ಅನಿಸಬಹುದು. ಹೀಗಾಗಿ ಜೊತೆಗೆ ಒಬ್ಬರಿರಲಿ. ಆ ದಿನ ಸ್ಕೂಟರ್, ಕಾರು ಓಡಿಸಬೇಡಿ. ದೂರದ ಊರಿಗೆ ಬಸ್ಸಿನಲ್ಲೇ ಹೋಗಬೇಕಾದರೆ ಹಿಂದಿನ ಸೀಟು ಬೇಡ, ಕುಲುಕಾಟ ಅಲ್ಲೇ ಹೆಚ್ಚು. ಸಾಧ್ಯವಾದರೆ ಒಂದು ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ತಂಗಿ ಹೊರಡುವುದು ಲೇಸು.

ಚುಚ್ಚಿದ ಜಾಗ ನೋಯುತ್ತಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ. ಮೊದಲ ದಿನ ಬಿಸಿ ಶಾಖ ಬೇಡ. ಮರುದಿನ ಪಟ್ಟಿ ತೆಗೆದು ಸ್ನಾನ ಮಾಡಬಹುದು. ಕೆರೆ, ಈಜುಕೊಳಗಳಿಗೆ ಮಾತ್ರ ಕೆಲವು ದಿನ ಇಳಿಯದಿರಿ.

ನೋವು ಮರಳಿದರೆ

ಅನೇಕರು ಕಂಗಾಲಾಗುವುದು ಇಲ್ಲಿಯೇ. ಮೊದಲ ಸಂಜೆ ನೋವೇ ಇರುವುದಿಲ್ಲ, ಮಾರನೆಯ ದಿನ ಮತ್ತೆ ಬರುತ್ತದೆ, ಕೆಲವೊಮ್ಮೆ ತುಸು ಹೆಚ್ಚಾಗಿಯೇ. ‘ಇಂಜೆಕ್ಷನ್ ವ್ಯರ್ಥವಾಯಿತು’ ಎಂದು ನಿರಾಶರಾಗಬೇಡಿ. ಮೊದಲ ದಿನದ ಸುಖ ಅರಿವಳಿಕೆಯದು. ಸ್ಟೀರಾಯ್ಡ್ ಕೆಲಸ ಆರಂಭಿಸಲು ಎರಡರಿಂದ ಏಳು ದಿನ, ಕೆಲವರಲ್ಲಿ ಎರಡು ವಾರವೂ ಬೇಕು. ಮುಖ ಕೆಂಪಾಗುವುದು, ಒಂದೆರಡು ರಾತ್ರಿ ನಿದ್ರೆ ಬಾರದಿರುವುದು ಕೂಡ ಇದೇ ಮದ್ದಿನ ತಾತ್ಕಾಲಿಕ ಪರಿಣಾಮ.

ಮಲಗಿದ್ದರೆ ಗುಣವೇ?

ಹಿಂದೆ ಬೆನ್ನುನೋವಿನವರನ್ನು ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುತ್ತಿದ್ದರು. ಸಯಾಟಿಕಾ ರೋಗಿಗಳ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡು ವಾರ ಮಲಗಿದವರಿಗೂ ಎಂದಿನಂತೆ ಓಡಾಡಿಕೊಂಡಿದ್ದವರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. 12 ವಾರಗಳ ನಂತರ ಎರಡೂ ಗುಂಪುಗಳಲ್ಲಿ ಶೇಕಡ 87 ಮಂದಿ ಸುಧಾರಿಸಿದ್ದರು. ಅಂದರೆ ಹಾಸಿಗೆಗೆ ಅಂಟಿಕೊಳ್ಳುವುದರಿಂದ ಲಾಭವಿಲ್ಲ. ಸ್ನಾಯುಗಳು ಸೊರಗುವ ನಷ್ಟ ಮಾತ್ರ ಉಂಟು.

ಮೊದಲ ದಿನ ವಿಶ್ರಾಂತಿ ಸಾಕು. ಮರುದಿನದಿಂದ ಐದು ಹತ್ತು ನಿಮಿಷದಂತೆ ದಿನಕ್ಕೆ ನಾಲ್ಕಾರು ಬಾರಿ ಸಮತಟ್ಟಾದ ಜಾಗದಲ್ಲಿ ನಡೆಯಿರಿ, ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರಬೇಡಿ. ನೋವು ತಗ್ಗಿದೊಡನೆ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ವ್ಯಾಯಾಮ ಆರಂಭಿಸಿ. ಚುಚ್ಚುಮದ್ದು ಕೊಟ್ಟ ಬಿಡುವನ್ನು ಬಳಸಿಕೊಳ್ಳುವ ದಾರಿ ಇದೇ.

ಮನೆಯವರು ನೆರವಾಗಿ

ಎರಡು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿಚೀಲ ಎತ್ತುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಲಿ. ಬಗ್ಗಿ ಕಸ ಗುಡಿಸುವುದು, ನೆಲದ ಮೇಲೆ ಕುಳಿತು ತರಕಾರಿ ಹೆಚ್ಚುವುದು, ರಂಗೋಲಿ ಇಡುವುದೂ ಬೇಡ. ಮೊಮ್ಮಗು ಎತ್ತಿಕೊಳ್ಳೆಂದು ಹಟ ಹಿಡಿದರೆ ಅಜ್ಜಿ ಕುರ್ಚಿಯಲ್ಲಿ ಕುಳಿತಿರಲಿ, ಮಗುವನ್ನು ಮತ್ತೊಬ್ಬರು ಮಡಿಲಿಗೆ ಕೊಡಲಿ. ಸ್ನಾನದ ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟರೆ ಬಗ್ಗುವುದು ತಪ್ಪುತ್ತದೆ. ಕೆಲವು ದಿನ ಕುರ್ಚಿಯಂಥ ಕಮೋಡ್ ಬಳಸುವುದು ಹಿತ.

ನಂಜು ಎಂದು ಬದನೆ, ಕುಂಬಳ ಬಿಡುವ ಪಥ್ಯ ಬೇಕಿಲ್ಲ. ಆದರೆ ಮಲಬದ್ಧತೆಯಿಂದ ತಿಣುಕಿದಾಗ ಕಾಲುನೋವು ಕೆರಳುವುದರಿಂದ ಸೊಪ್ಪು, ಹಣ್ಣು, ನೀರು ಧಾರಾಳವಾಗಿರಲಿ. ಬೆನ್ನು ತುಳಿಸುವುದು, ನೆಟಿಗೆ ತೆಗೆಸುವುದು ಸರ್ವಥಾ ಸಲ್ಲದು.

ಮಧುಮೇಹಿಗಳೇ, ಗಮನಿಸಿ

ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ ಕೆಲವು ದಿನ ಏರುತ್ತದೆ. ಒಂದು ವಾರವಾದರೂ ದಿನವೂ ಪರೀಕ್ಷಿಸಿಕೊಳ್ಳಿ. ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ನೀವಾಗಿಯೇ ಬದಲಿಸದೆ ವೈದ್ಯರನ್ನು ಕೇಳಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವ ಹೃದ್ರೋಗಿಗಳಿಗೆ ಚುಚ್ಚುಮದ್ದಿನ ಮುನ್ನ ಅದನ್ನು ನಿಲ್ಲಿಸಲು ಹೇಳಿರಬಹುದು. ಮತ್ತೆ ಯಾವ ದಿನ ಆರಂಭಿಸಬೇಕೆಂದು ಚೀಟಿಯಲ್ಲಿ ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ. ಮರೆತರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವಿದೆ.

ಕೂಡಲೇ ಆಸ್ಪತ್ರೆಗೆ

ಅಪಾಯ ವಿರಳ. ಆದರೆ ಬಂದಾಗ ಗಂಟೆಗಳೂ ಅಮೂಲ್ಯ. ಈ ಕೆಳಗಿನ ಲಕ್ಷಣಗಳನ್ನು ಮನೆಯವರೆಲ್ಲ ತಿಳಿದಿರಲಿ:

* ಮೂತ್ರ ಕಟ್ಟುವುದು, ಮಲಮೂತ್ರದ ಹತೋಟಿ ತಪ್ಪುವುದು. ಸೈಕಲ್ ಸೀಟು ತಾಗುವ ಭಾಗ ಮರಗಟ್ಟುವುದು.

* ಅರಿವಳಿಕೆ ಇಳಿದ ನಂತರವೂ ಕಾಲಿನ ಶಕ್ತಿ ಕುಂದುವುದು. ಪಾದ ಮೇಲೆತ್ತಲಾಗದೆ ಚಪ್ಪಲಿ ಜಾರಿಹೋಗುವುದು.

* ಜ್ವರ, ಚಳಿ, ಕತ್ತು ಬಿಗಿತ, ದಿನೇ ದಿನೇ ಏರುವ ಬೆನ್ನುನೋವು. ಚುಚ್ಚಿದ ಜಾಗದಲ್ಲಿ ಕೆಂಪು, ಕೀವು.

* ಎದ್ದು ಕುಳಿತರೆ ಸಿಡಿಯುವ, ಮಲಗಿದರೆ ಇಳಿಯುವ ತಲೆನೋವು.

ಮೊದಲನೆಯ ಲಕ್ಷಣವನ್ನು ಸಂಕೋಚದಿಂದ ಮುಚ್ಚಿಡುವವರು, ಅದರಲ್ಲೂ ಹೆಂಗಸರು, ಹೆಚ್ಚು. ಸೊಂಟದ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿದಾಗ ಹೀಗಾಗುತ್ತದೆ. ಬೆಳಗಾಗಲಿ ಎಂದು ಕಾಯುತ್ತ ಕುಳಿತರೆ ಹಾನಿ ಶಾಶ್ವತವಾಗಬಹುದು. ಸೋಂಕು ತಡವಾಗಿಯೂ ತಲೆದೋರಬಲ್ಲದು. 2012ರಲ್ಲಿ ಅಮೆರಿಕದಲ್ಲಿ ಬೂಷ್ಟು ಸೇರಿದ್ದ ಸ್ಟೀರಾಯ್ಡ್ ಮದ್ದಿನಿಂದ 750ಕ್ಕೂ ಹೆಚ್ಚು ಜನ ಕಾಯಿಲೆಬಿದ್ದು 60ಕ್ಕೂ ಹೆಚ್ಚು ಮಂದಿ ಸತ್ತರು. ಹಲವರಲ್ಲಿ ಲಕ್ಷಣ ಕಂಡದ್ದು ಚುಚ್ಚಿಸಿಕೊಂಡ ಕೆಲವು ವಾರಗಳ ಬಳಿಕ. ಆದ್ದರಿಂದ ತಿಂಗಳ ನಂತರ ಜ್ವರ ಬಂದರೂ ಬೆನ್ನಿಗೆ ಚುಚ್ಚುಮದ್ದು ತೆಗೆದುಕೊಂಡಿದ್ದನ್ನು ವೈದ್ಯರಿಗೆ ತಿಳಿಸಲು ಮರೆಯದಿರಿ.

ಮದ್ದಿನ ಹೆಸರು, ದಿನಾಂಕ, ಎಷ್ಟು ದಿನಕ್ಕೆ ಎಷ್ಟು ನೋವು ಇಳಿಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸ್ಟೀರಾಯ್ಡನ್ನು ಪದೇ ಪದೇ ಕೊಡುವಂತಿಲ್ಲ. ವರ್ಷಕ್ಕೆ ಮೂರು ನಾಲ್ಕು ಬಾರಿಗಿಂತ ಹೆಚ್ಚು ಬೇಡವೆಂಬುದು ವೈದ್ಯರ ಸಾಮಾನ್ಯ ನಿಯಮ. ಮತ್ತೊಂದು ಚುಚ್ಚುಮದ್ದು ಬೇಕೇ, ಬೇಡವೇ ಎಂದು ತೀರ್ಮಾನಿಸುವಾಗ ನಿಮ್ಮ ವೈದ್ಯರಿಗೆ ಆ ಪುಸ್ತಕ ಬಹಳ ಉಪಯೋಗಕ್ಕೆ ಬರುತ್ತದೆ.