ಬೆಲ್ ಹೊಡೆದ್ರೆ ನಾನೆಲ್ಲಿಗೆ ಹೋಗ್ಲಪ್ಪಾ?

ದಿನಾ ಈ ಹೊತ್ತಿಗೆ ನಾನು ಇನ್ಯಾರದೋ ತಪ್ಪಿನ ಬಗ್ಗೆ ಮಾತಾಡ್ತೀನಿ. ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ವಾರದಲ್ಲಿ ನಾಲ್ಕು ದಿನ ನಾನು ಸ್ಟುಡಿಯೋಗೆ ಸೈಕಲ್ ಮೇಲೆ ಬರ್ತೀನಿ. ಏಳು ಕಿಲೋಮೀಟರ್ ದಾರಿ. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ಏಳೂಕಾಲಿನ ಮೀಟಿಂಗ್‌ಗೆ ಆರಾಮಾಗಿ ತಲುಪ್ತೀನಿ. ಈ ಏಳು ಕಿಲೋಮೀಟರ್‌ನಲ್ಲಿ ಅರ್ಧ ಕಿಲೋಮೀಟರ್ ಮಾತ್ರ ಪಾರ್ಕಿನ ಬೇಲಿ ಪಕ್ಕದ ದಾರಿ. ಪಕ್ಕದ ರಸ್ತೆಯಲ್ಲಿ ಆ ಹೊತ್ತಿಗೇ ಬಸ್ಸು, ಟೆಂಪೋ ರೊಯ್ಯನೆ ಹೋಗ್ತಿರ್ತವೆ. ಅದಕ್ಕೆ ನಾನು ಬೇಲಿ ಪಕ್ಕದ ದಾರಿ ಹಿಡೀತೀನಿ. ವಾಕಿಂಗ್‌ಗೆ ಬರೋ ಹಿರಿಯರು, ನಾಯಿ ಹಿಡ್ಕೊಂಡು ಬರೋರು, ಪೇಪರ್ ಹಾಕೋ ಹುಡುಗರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗೋ ಸೆಕ್ಯುರಿಟಿಯವರು, ಎಲ್ಲರಿಗೂ ಅದೊಂದೇ ದಾರಿ.

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬರೋ ಹೊತ್ತಿಗೆ ಬೆಂಗಳೂರಿನ ಬೆಳಗು ಎಷ್ಟು ಚಂದ ಅಂತ ನಿಮಗೆ ಗೊತ್ತು. ಪಂಚಾಂಗದ ವಸಂತಕ್ಕೆ ಯುಗಾದಿ ಬರಬೇಕು, ಆದರೆ ಈ ಊರಿನ ಮರಗಳು ಅಷ್ಟು ದಿನ ಕಾಯೋದಿಲ್ಲ. ಗುಲಾಬಿ ಟಬೆಬುಯಾ ಹೂ ಬಿಟ್ಟಿರುತ್ತೆ. ಒಂದಾದ ಮೇಲೊಂದು ಮರ ಹೂ ಬಿಡುವ ಹಾಗೆ ಊರಿನಲ್ಲಿ ಮರ ಹಾಕಿಸಿದವರು ಲಾಲ್‌ಬಾಗ್‌ನ ಕ್ರುಂಬಿಗಲ್. ಅದರ ಫಲ ನಾವು ಇವತ್ತಿಗೂ ಉಣ್ತಾ ಇದ್ದೀವಿ. ಇದೇ ಹೊತ್ತಿಗೆ ಹೊಂಗೆ ಮರ ಹಳೇ ಎಲೆಯನ್ನೆಲ್ಲ ಉದುರಿಸುತ್ತೆ. ದಾರಿ ತುಂಬಾ ಒಣ ಎಲೆ.

ಅಂಥದ್ದೊಂದು ಬೆಳಗ್ಗೆ ನನಗಿಂತ ಮುಂದೆ ಒಬ್ಬರು ವಯಸ್ಸಾದ ಹೆಂಗಸು ಹೋಗ್ತಾ ಇದ್ದರು. ಕಂಕುಳಲ್ಲಿ ಹೂವಿನ ಬುಟ್ಟಿ. ನಾನು ಲೇಟಾಗಿದ್ದೆ, ಜೋರಾಗಿ ಬರ್ತಾ ಇದ್ದೆ. ಬಲಗಡೆಯಿಂದ ಮುಂದೆ ಹೋಗೋಣ ಅಂತ ಹತ್ತಿರ ಬಂದ ಮೇಲೆ ಎರಡು ಸಲ ಬೆಲ್ ಹೊಡೆದೆ. ಅವರು ಬೆಚ್ಚಿಬಿದ್ದು ಬಲಗಡೆಗೇ ಸರಿದರು. ನಾನು ಬ್ರೇಕ್ ಗಟ್ಟಿಯಾಗಿ ಹಿಡಿದೆ. ಒಣ ಎಲೆ ಮೇಲೆ ಮುಂದಿನ ಚಕ್ರ ಜಾರಿತು. ನಾನು ಬಿದ್ದೆ, ಅವರು ಗಾಬರಿಯಲ್ಲಿ ಕುಸಿದು ಕೂತರು. ಪುಣ್ಯಕ್ಕೆ ಯಾರಿಗೂ ಮೂಳೆ ಮುರೀಲಿಲ್ಲ. ಬುಟ್ಟಿಯ ಸೇವಂತಿಗೆ, ಕನಕಾಂಬರ ಎಲ್ಲ ದಾರಿ ಮೇಲೆ.

"ನೋಡ್ಕೊಂಡು ನಡೀಬಾರ್ದಾಮ್ಮಾ, ಬೆಲ್ ಹೊಡೆದ್ನಲ್ಲ" ಅಂದೆ. ಬಾಯಿಗೆ ಬಂದದ್ದು ಆ ಮಾತು.

ಅವರು ಹೂ ಆರಿಸ್ಕೊಳ್ತಾ ತಲೆ ಎತ್ತಿ ನೋಡಿದರು. "ಬೆಲ್ ಹೊಡೆದ್ರೆ ನಾನೆಲ್ಲಿಗೆ ಹೋಗ್ಲಪ್ಪಾ? ಇರೋದೇ ಇಷ್ಟು ದಾರಿ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಅಂದ್ರೆ ಹಿಂದಿನ ರಾತ್ರಿ ಇದೇ ಕುರ್ಚಿಯಲ್ಲಿ ಕೂತು, ಫುಟ್‌ಪಾತ್ ಮೇಲೆ ಸ್ಕೂಟರ್ ಓಡಿಸೋರನ್ನ ಅರ್ಧ ಗಂಟೆ ತರಾಟೆಗೆ ತಗೊಂಡಿದ್ದೆ. "ನಡೆಯುವವನ ಜಾಗ ಕಿತ್ಕೊಳ್ಳೋಕೆ ನೀವ್ಯಾರು" ಅಂತ ಕೇಳಿದ್ದೆ. ಬೆಳಗಾಗುವಷ್ಟರಲ್ಲಿ ಆ ಪ್ರಶ್ನೆ ನನಗೇ ವಾಪಸ್ ಬಂತು.

ನೋಡಿ, ಸೈಕಲ್ ಓಡಿಸೋರದ್ದು ಒಂದು ವಿಚಿತ್ರ ಸ್ಥಿತಿ. ರಸ್ತೆಯಲ್ಲಿ ನಾವು ಎಲ್ಲರಿಗಿಂತ ದುರ್ಬಲರು. ಕಾರಿನವನು ಹಾರ್ನ್ ಹೊಡೆದರೆ ಪ್ರಾಣ ಕೈಯಲ್ಲಿ ಹಿಡ್ಕೊಂಡು ಪಕ್ಕಕ್ಕೆ ಸರೀತೀವಿ, ಮನಸ್ಸಲ್ಲೇ ಬೈಕೊಳ್ತೀವಿ. ಅದೇ ಸೈಕಲ್ ನಡೆಯೋರ ದಾರಿಗೆ ಹತ್ತಿದ ತಕ್ಷಣ ಅಲ್ಲಿ ಬಲಶಾಲಿ ನಾವೇ. ಹಾರ್ನ್ ಬದಲು ಬೆಲ್, ಅಷ್ಟೇ ವ್ಯತ್ಯಾಸ. ರಸ್ತೆ ಬದಲಾಯ್ತು, ನಮ್ಮ ಪಾತ್ರವೂ ಬದಲಾಯ್ತು ಅನ್ನೋದು ನಮ್ಮ ತಲೆಗೇ ಹೋಗೋದಿಲ್ಲ.

ಸೈಕಲ್ ಗುದ್ದಿದರೆ ಏನಾಗುತ್ತೆ ಮಹಾ ಅಂತೀರಾ? ಒಂದು ಸಣ್ಣ ಲೆಕ್ಕ ಮಾಡೋಣ.

ಗಂಟೆಗೆ 20 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಎದುರಿಗೆ ಏನೋ ಬಂತು ಅಂತ ಕಣ್ಣು ಕಂಡು, ತಲೆಗೆ ಹೊಳೆದು, ಕೈ ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ಬೇಕು ಅಂತ ಇಟ್ಕೊಳ್ಳಿ. ಬ್ರೇಕ್ ಹಿಡಿಯೋ ಮೊದಲೇ ಐದೂವರೆ ಮೀಟರ್ ಹೋಗಿರ್ತೀರಿ. ಬ್ರೇಕ್ ಹಿಡಿದ ಮೇಲೆ ಒಣ ನೆಲದಲ್ಲಿ ಸೈಕಲ್ ನಿಲ್ಲೋಕೆ ಇನ್ನೊಂದು ಐದು ಮೀಟರ್. ಒಟ್ಟು ಹತ್ತು ಮೀಟರ್‌ಗಿಂತ ಹೆಚ್ಚು, ಹೆಚ್ಚುಕಡಿಮೆ ಒಂದು ಸಿಟಿ ಬಸ್ಸಿನ ಉದ್ದ. ವೇಗ 10 ಕಿಲೋಮೀಟರ್ ಇದ್ದರೆ? ಸುಮಾರು ನಾಲ್ಕು ಮೀಟರ್. ಒಂದು ಕಾರಿನ ಉದ್ದದಲ್ಲಿ ನಿಂತುಬಿಡ್ತೀರಿ. ವೇಗ ಅರ್ಧ ಆದರೆ ಗುದ್ದುವ ಶಕ್ತಿ ಅರ್ಧ ಆಗೋದಿಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಎಪ್ಪತ್ತು ವರ್ಷದವರ ಸೊಂಟದ ಮೂಳೆಗೆ ಈ ವ್ಯತ್ಯಾಸ ದೊಡ್ಡದು.

ಇದು ಒಣ ನೆಲದ ಲೆಕ್ಕ. ಈ ಕಾಲದಲ್ಲಿ ನೆಲ ಅಷ್ಟು ನಂಬಿಕೆಗೆ ಅರ್ಹ ಅಲ್ಲ. ಟೈರಿಗೂ ನೆಲಕ್ಕೂ ನಡುವೆ ಎಲೆ ಬಂದರೆ ಹಿಡಿತ ತಪ್ಪುತ್ತೆ. ಎಲೆಯ ರಾಶಿಯ ಕೆಳಗೆ ಕಲ್ಲು ಚಪ್ಪಡಿ ಕಿತ್ತುಹೋಗಿದೆಯೋ, ಗುಂಡಿ ಇದೆಯೋ ಕಾಣೋದಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಹೊಂಗೆ ಹೂ ಪುರಿ ಚೆಲ್ಲಿದ ಹಾಗೆ ಬೀಳುತ್ತೆ, ಅದರ ಮೇಲೂ ಜಾಗ್ರತೆ. ಎಲೆ ಮೇಲೆ ಹೋಗುವಾಗ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕ್ ಒತ್ತಬೇಡಿ. ಬ್ರೇಕನ್ನ ಎಲೆ ರಾಶಿ ಬರೋ ಮೊದಲೇ ಹಿಡೀರಿ.

ಎರಡನೆಯದು ಬಿಸಿಲು. ಮಾರ್ಚ್ 20–21ರ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ಪೂರ್ವದಲ್ಲೇ ಹುಟ್ಟುತ್ತಾನೆ. ಪೂರ್ವಕ್ಕೆ ನೇರವಾಗಿ ಹೋಗೋ ರಸ್ತೆಯಲ್ಲಿ ಏಳು ಗಂಟೆ ಸುಮಾರಿಗೆ ಬಿಸಿಲು ನೆಟ್ಟಗೆ ಕಣ್ಣಿಗೆ. ನಿಮಗೆ ಮುಂದಿನವರು ಕಾಣೋದಿಲ್ಲ. ಸಂಜೆ ಪಶ್ಚಿಮಕ್ಕೆ ವಾಪಸ್ ಹೋಗುವಾಗ ಮತ್ತೆ ಅದೇ ಕಥೆ.

ಮೂರನೆಯದು ಮೊದಲ ಮಳೆ. ತಿಂಗಳುಗಟ್ಟಲೆ ಕೂತ ಧೂಳು, ವಾಹನದ ಎಣ್ಣೆ ಎಲ್ಲ ಮೊದಲ ಹನಿಗಳಲ್ಲಿ ಸೇರಿ ನೆಲ ಲೋಳೆಯಾಗುತ್ತೆ. ಜೋರು ಮಳೆಯಲ್ಲಿ ಅದು ತೊಳೆದುಹೋಗುತ್ತೆ. ಮೊದಲ ಹದಿನೈದು ನಿಮಿಷವೇ ಅಪಾಯ. ಆ ಹದಿನೈದು ನಿಮಿಷ ಎಲ್ಲಾದರೂ ಒಂದು ಕಾಫಿ ಕುಡೀರಿ.

ಈಗ ಬೆಲ್ ವಿಷಯಕ್ಕೆ ಬರೋಣ. ಹಿಂದಿನಿಂದ ಬಂದ ಬೆಲ್ ಸದ್ದು ಏನು ಹೇಳುತ್ತೆ? "ಯಾರೋ ಬರ್ತಿದ್ದಾರೆ" ಅಂತ ಮಾತ್ರ. ಯಾವ ಕಡೆಯಿಂದ, ಎಷ್ಟು ವೇಗವಾಗಿ, ಎಷ್ಟು ದೂರದಲ್ಲಿ? ಏನೂ ಹೇಳೋದಿಲ್ಲ. ಬೆಚ್ಚಿದ ಮನುಷ್ಯ ಯಾವ ಕಡೆ ಬೇಕಾದರೂ ಸರೀಬಹುದು. ಅದು ಅವರ ತಪ್ಪಲ್ಲ. ದೂರದಿಂದಲೇ ಒಂದು ಸಲ ಮೆಲ್ಲಗೆ ಬೆಲ್, ಆಮೇಲೆ ವೇಗ ಇಳಿಸಿ, "ಅಮ್ಮಾ, ಬಲಗಡೆಯಿಂದ ಹೋಗ್ತೀನಿ" ಅಂತ ಬಾಯಿಬಿಟ್ಟು ಹೇಳೋದು. ಅವರಿಗೆ ಕೇಳಿಸಲಿಲ್ಲವೋ, ಕಾಯಬೇಕು. ದಾರಿ ತೀರಾ ಇಕ್ಕಟ್ಟಾಗಿದ್ದರೆ ಇಳಿದು ತಳ್ಳಿಕೊಂಡು ಹೋಗಬೇಕು. ಸೈಕಲ್‌ನಿಂದ ಇಳಿದವನೂ ಪಾದಚಾರಿಯೇ, ಅದರಲ್ಲಿ ಅವಮಾನ ಏನೂ ಇಲ್ಲ.

ಇದು ನಾನು ಬಿದ್ದು ಕಂಡುಹಿಡಿದ ಜ್ಞಾನ ಅಂದುಕೊಂಡಿದ್ದೆ. ಆಮೇಲೆ ಓದಿದರೆ ಇದನ್ನ ಕಾನೂನಿನಲ್ಲೇ ಬರೆದಿಟ್ಟ ದೇಶಗಳಿವೆ. ಜಪಾನಿನಲ್ಲಿ ಸೈಕಲ್‌ಗೆ ಅನುಮತಿ ಇರುವ ಫುಟ್‌ಪಾತ್‌ಗಳಲ್ಲಿ ನಿಧಾನಕ್ಕೇ ಹೋಗಬೇಕು, ಪಾದಚಾರಿಗೆ ಅಡ್ಡಿಯಾಗುವಂತಿದ್ದರೆ ಸೈಕಲ್ ನಿಲ್ಲಬೇಕು. ದಾರಿ ಬಿಡಿ ಅಂತ ಅಲ್ಲಿ ಬೆಲ್ ಹೊಡೆಯುವ ಹಾಗೇ ಇಲ್ಲ, ಬೆಲ್ ಇರೋದು ಅಪಾಯ ತಪ್ಪಿಸೋಕೆ ಮಾತ್ರ. ಕೆನಡಾದ ಕ್ಯಾಲ್ಗರಿಯಲ್ಲಿ ನಡೆಯೋರು, ಸೈಕಲ್‌ನವರು ಹಂಚಿಕೊಳ್ಳೋ ದಾರಿಗಳಲ್ಲಿ ಬೇರೆ ಫಲಕ ಇಲ್ಲದಿದ್ದರೆ ಗಂಟೆಗೆ 20 ಕಿಲೋಮೀಟರ್ ವೇಗಮಿತಿ ಇದೆ. ಬ್ರಿಟನ್ 2022ರ ಜನವರಿಯಲ್ಲಿ ತನ್ನ ಹೈವೇ ಕೋಡ್ ತಿದ್ದಿತು. ಅದರ ಸಾರ ಇಷ್ಟೇ: ಯಾರಿಂದ ಹೆಚ್ಚು ಹಾನಿ ಆಗಬಹುದೋ ಅವರ ಮೇಲೆ ಹೆಚ್ಚು ಹೊಣೆ. ಲಾರಿಯವನು ಕಾರಿಗೆ, ಕಾರಿನವನು ಸೈಕಲ್‌ಗೆ, ಸೈಕಲ್‌ನವನು ನಡೆಯುವವನಿಗೆ ಜಾಗ್ರತೆ ತೋರಿಸಬೇಕು. ನಮ್ಮೂರಲ್ಲಿ ಈ ಏಣಿ ಉಲ್ಟಾ ನಿಂತಿದೆ. ದೊಡ್ಡ ಗಾಡಿ ಬಂತು ಅಂದರೆ ಚಿಕ್ಕದು ಜಾಗ ಬಿಡಬೇಕು.

ಹಾಗಂತ ತಪ್ಪೆಲ್ಲ ಸೈಕಲ್‌ನವರದ್ದು ಅಂತ ಮುಗಿಸಿದರೆ ಅದೂ ಅರ್ಧ ಸತ್ಯ. ಆ ಅಮ್ಮನ ಎರಡನೇ ಮಾತು ನೆನಪಿದೆಯಲ್ಲ? "ಇರೋದೇ ಇಷ್ಟು ದಾರಿ." ಅಸಲಿ ವಿಷಯ ಇರೋದು ಅಲ್ಲಿ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಅದರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು, 4 ಸಾವಿರಕ್ಕೂ ಹೆಚ್ಚು ಜನ ಸೈಕಲ್ ಸವಾರರು. ಈ ಎರಡು ಗುಂಪಿನವರು ಯಾರ ಮೇಲೂ ಬಸ್ ಹತ್ತಿಸಿದವರಲ್ಲ. ಫುಟ್‌ಪಾತ್ ಮೇಲೆ, ಸೈಕಲ್ ಪಥದ ಮೇಲೆ ಮೋಟಾರು ವಾಹನ ಓಡಿಸಬಾರದು ಅಂತ ನಮ್ಮ ಚಾಲನಾ ನಿಯಮಗಳೇ ಹೇಳುತ್ತವೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡ್ಡಿಯಿಲ್ಲದ ಫುಟ್‌ಪಾತ್ ಪಾದಚಾರಿಗಳ ಹಕ್ಕು, ಅದು ಸಂವಿಧಾನದ 21ನೇ ವಿಧಿಯೊಳಗೇ ಬರುತ್ತೆ ಅಂತ ಹೇಳಿತು. ಬದುಕುವ ಹಕ್ಕಿನ ಜೊತೆಗೆ ನಡೆಯುವ ಹಕ್ಕು.

ಸೈಕಲ್‌ಗೆ ಬೇರೆ ಜಾಗ ಕೊಡುವ ಪ್ರಯತ್ನ ನಮ್ಮಲ್ಲಿ ಆಗಿಲ್ಲ ಅಂತಲ್ಲ. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದ್ದರು. ಬೈಕ್‌ಗಳು ಅದರೊಳಗೇ ನುಗ್ಗಿದವು, ಆಮೇಲೆ ಮೆಟ್ರೊ ಕಾಮಗಾರಿಯ ನಡುವೆ ಅದರ ಬಹುಭಾಗ ಇಲ್ಲವಾಯಿತು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಶುರುವಾಯಿತು. ನಡೆಯೋರಿಗೆ, ಸೈಕಲ್‌ನವರಿಗೆ ಕಾನೂನಿನ ರಕ್ಷಣೆ ಕೊಡಬೇಕು ಅಂತ 2021ರಲ್ಲಿ ರಾಜ್ಯದಲ್ಲಿ ಒಂದು ಮಸೂದೆಯ ಕರಡೂ ಸಿದ್ಧವಾಯಿತು. ಸೈಕಲ್ ಕೊಟ್ಟಾಯ್ತು, ಕರಡು ಬರೆದಾಯ್ತು. ಕೋಪನ್‌ಹೇಗನ್‌ನಲ್ಲಿ ರಸ್ತೆ ಒಂದು ಎತ್ತರ, ಸೈಕಲ್ ಪಥ ಇನ್ನೊಂದು ಮೆಟ್ಟಿಲು ಮೇಲೆ, ಫುಟ್‌ಪಾತ್ ಅದಕ್ಕೂ ಒಂದು ಮೆಟ್ಟಿಲು ಮೇಲೆ. ಮೂವರಿಗೂ ಬೇರೆ ಬೇರೆ ಜಾಗ. ನಮ್ಮಲ್ಲಿ ರಸ್ತೆಯ ಬಹುಪಾಲು ಗಾಡಿಗಳಿಗೆ, ಉಳಿದ ಅಂಚಿನಲ್ಲಿ ನಡೆಯೋರು, ಸೈಕಲ್‌ನವರು, ಹೂ ಮಾರೋರು ಒಬ್ಬರಿಗೊಬ್ಬರು ಭುಜ ತಾಗಿಸ್ಕೊಂಡು ಜಗಳ ಆಡ್ತೀವಿ.

ಇಲ್ಲಿ ಸೈಕಲ್ ಅಂದ ತಕ್ಷಣ ಹೆಲ್ಮೆಟ್, ಕನ್ನಡಕ ಹಾಕ್ಕೊಂಡು ಭಾನುವಾರ ನಂದಿಬೆಟ್ಟಕ್ಕೆ ಹೋಗೋರನ್ನ ಮಾತ್ರ ನೆನಪಿಸ್ಕೊಬೇಡಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ, ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ಅದರ ಮೇಲೇ ಹೈಸ್ಕೂಲ್ ಮುಗಿಸಿದರು. ಇವತ್ತು ನಗರದಲ್ಲಿ ಪರೀಕ್ಷೆಗೆ ಹೋಗೋ ಹುಡುಗ, ಮನೆಗೆಲಸಕ್ಕೆ ಹೋಗೋ ಹೆಂಗಸು, ಗಾರ್ಡನ್ ಕೆಲಸದವರು, ಇವರೆಲ್ಲರಿಗೂ ಸೈಕಲ್ ಶೋಕಿ ಅಲ್ಲ. ಅವರಿಗೆ ಜಾಗ ಕೊಡಿ ಅಂತ ನಾವು ಕೇಳಲೇಬೇಕು. ಆದರೆ ಆ ಜಾಗವನ್ನ ರಸ್ತೆಯಿಂದ ಕೇಳಬೇಕು. ಹೂವಿನಮ್ಮನ ಪಾಲಿನಿಂದ ಕಿತ್ಕೊಳ್ಳೋದು ನ್ಯಾಯ ಅಲ್ಲ.

ಅಲ್ಲೀವರೆಗೆ ಏನು ಮಾಡೋದು? ನಾನು ಲೆಕ್ಕ ಹಾಕಿದೆ. ಆ ಅರ್ಧ ಕಿಲೋಮೀಟರ್ ಅನ್ನ 20ರ ವೇಗದಲ್ಲಿ ಹೋದರೆ ಒಂದೂವರೆ ನಿಮಿಷ. 8ರ ವೇಗದಲ್ಲಿ ಹೋದರೆ ಮೂರು ಮುಕ್ಕಾಲು ನಿಮಿಷ. ಹೆಚ್ಚಿಗೆ ಹೋಗೋದು ಎರಡೂಕಾಲು ನಿಮಿಷ. ನಮ್ಮ ಒಂದು ಜಾಹೀರಾತು ಬ್ರೇಕಿಗಿಂತ ಕಡಿಮೆ! ಇಷ್ಟು ಉಳಿಸೋಕೆ ಹೋಗಿ ಒಬ್ಬರ ಆವತ್ತಿನ ದುಡಿಮೆ ನೆಲಕ್ಕೆ ಚೆಲ್ಲಿದ್ದೆ.

ನಡೆಯೋರಿಗೂ ಒಂದು ಮಾತು, ಬೇಜಾರು ಮಾಡ್ಕೊಬೇಡಿ. ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು, ನಾಲ್ಕು ಜನ ಅಡ್ಡಕ್ಕೆ ಸಾಲಾಗಿ ಹೋದರೆ ಹಿಂದಿನವರಿಗೆ ಕಷ್ಟ. ನಾಯಿಯ ಹಗ್ಗ ಉದ್ದ ಬಿಡಬೇಡಿ, ಚಕ್ರಕ್ಕೆ ಸಿಕ್ಕಿದರೆ ಮೂವರೂ ಬೀಳ್ತಾರೆ. ಎಡಕ್ಕೆ ನಡೀರಿ, ಅಷ್ಟು ಸಾಕು. ನೀವು ಮರೆತರೂ ಹೊಣೆ ನಮ್ಮದೇ, ಯಾಕೆ ಅಂದ್ರೆ ಚಕ್ರ ಇರೋದು ನಮ್ಮ ಕೆಳಗೆ.

ಆವತ್ತು ಹೂವಿಗೆ ದುಡ್ಡು ಕೊಡೋಕೆ ಹೋದೆ. ಅವರು ಮಣ್ಣಾದ ಹೂವಿಗೆ ಮಾತ್ರ ಲೆಕ್ಕ ಹಾಕಿ ತಗೊಂಡರು, ಒಂದು ರೂಪಾಯಿ ಹೆಚ್ಚು ಮುಟ್ಟಲಿಲ್ಲ. ಒಂದು ವಾರ ಆದ ಮೇಲೆ ಅದೇ ದಾರಿಯಲ್ಲಿ ಮತ್ತೆ ಸಿಕ್ಕಿದರು. ನಾನು ನಿಧಾನಕ್ಕೆ ಹಿಂದೆ ಹಿಂದೆ ಬರ್ತಾ ಇದ್ದೆ. ಎಲೆ ಸದ್ದು ಕೇಳಿ ತಿರುಗಿ ನೋಡಿದರು.

"ಬೆಲ್ ಕೆಟ್ಟೋಯ್ತಾ?" ಅಂತ ಕೇಳಿದರು.

"ಇಲ್ಲಮ್ಮಾ, ಚೆನ್ನಾಗೇ ಇದೆ. ನಾನೇ ಹೊಡೀಲಿಲ್ಲ" ಅಂದೆ.

ಬುಟ್ಟಿಯನ್ನ ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸ್ಕೊಂಡು, "ಹೋಗಪ್ಪಾ, ಲೇಟಾಗುತ್ತೆ ನಿಂಗೆ" ಅಂತ ತಾವಾಗೇ ಪಕ್ಕಕ್ಕೆ ಸರಿದರು.

ನಾಳೆ ಬೆಳಗ್ಗೆ ನೀವೂ ಅಂಥದ್ದೊಂದು ದಾರಿಯಲ್ಲಿ ಹೋಗೋರಿದ್ದರೆ, ಎರಡೂಕಾಲು ನಿಮಿಷ ಮೊದಲೇ ಮನೆ ಬಿಡಿ.