ಉದ್ಯೋಗಸ್ಥಳದ ತರಬೇತಿ: ಫಲವನ್ನು ಅಳೆಯುವ ಬಗೆ

ತರಬೇತಿ ಮುಗಿದ ಸಂಜೆ ಶಿಬಿರಾರ್ಥಿಗಳಿಗೆ ಅಭಿಪ್ರಾಯಪತ್ರವೊಂದನ್ನು ಹಂಚಿ, ‘ತೃಪ್ತಿಕರ’ ಎಂಬಲ್ಲಿ ಬಿದ್ದ ಗುರುತುಗಳನ್ನು ಎಣಿಸಿ ವರದಿ ಸಿದ್ಧಪಡಿಸುವುದು ಕಚೇರಿ, ಕಾರ್ಖಾನೆಗಳಲ್ಲಿ ರೂಢಿಯಾಗಿರುವ ಕ್ರಮ. ಬೋಧಕರ ಮಾತು ಹಿಡಿಸಿತೆ, ಊಟದ ವ್ಯವಸ್ಥೆ ಚೆನ್ನಾಗಿತ್ತೆ ಎಂಬುದಕ್ಕಿಂತ ಹೆಚ್ಚಿನದೇನೂ ಈ ಎಣಿಕೆಯಿಂದ ತಿಳಿಯುವುದಿಲ್ಲ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959-60ರಲ್ಲಿ ಪ್ರಕಟಿಸಿದ ಲೇಖನಮಾಲೆಯಲ್ಲಿ ಇಂತಹ ಪ್ರತಿಕ್ರಿಯೆಯನ್ನು ಮೊದಲ ಮೆಟ್ಟಿಲೆಂದಷ್ಟೇ ಗಣಿಸಿ, ಅದರ ಮೇಲೆ ಕಲಿಕೆ, ವರ್ತನೆ, ಫಲಿತಾಂಶ ಎಂಬ ಮೂರನ್ನು ಇರಿಸಿದರು. ಮೇಲೇರಿದಂತೆ ಅಳತೆ ಕಠಿಣವಾಗುತ್ತದೆ. ಬಹಳಷ್ಟು ವರದಿಗಳು ಕೆಳಗೇ ಉಳಿಯುವುದು ಇದರಿಂದಲೇ.

ತರಬೇತಿಯ ತರುವಾಯ ಉತ್ಪಾದನೆ ಹೆಚ್ಚಿದರೆ ಅದಕ್ಕೆ ಕಾರಣ ತರಬೇತಿಯೋ, ಹೊಸ ಯಂತ್ರವೋ, ಏರಿದ ಬೇಡಿಕೆಯೋ? ಮೇಲಾಗಿ, ತಾವಾಗಿ ಹೆಸರು ಕೊಡುವವರು ಮೊದಲೇ ಉತ್ಸಾಹಿಗಳಾಗಿರಬಹುದು. ಅವರನ್ನು ಉಳಿದವರೊಡನೆ ಹೋಲಿಸಿದರೆ ಆ ಉತ್ಸಾಹದ ಫಲವೂ ತರಬೇತಿಯ ಲೆಕ್ಕಕ್ಕೇ ಸೇರಿಬಿಡುತ್ತದೆ.

ಈ ತೊಡಕನ್ನು ಬಿಡಿಸಿದ ಪ್ರಯೋಗವೊಂದು 2013-14ರಲ್ಲಿ ಬೆಂಗಳೂರಿನ ಐದು ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ನಡೆಯಿತು. ಸಂವಹನ, ಸಮಯಪಾಲನೆ, ಸಮಸ್ಯೆಗಳ ನಿರ್ವಹಣೆ ಮುಂತಾದ ವಿಷಯಗಳಲ್ಲಿ ಮಹಿಳಾ ಕಾರ್ಮಿಕರಿಗೆ ಸುಮಾರು ಒಂದು ವರ್ಷ ನೀಡಿದ ತರಬೇತಿಯನ್ನು ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನೈಷಧಂ ಪರಿಶೀಲಿಸಿದರು. ಆಸಕ್ತಿ ತೋರಿದವರ ಹೆಸರುಗಳನ್ನು ಮೊದಲು ಪಡೆದು, ಬಳಿಕ ಚೀಟಿ ಎತ್ತುವ ರೀತಿಯಲ್ಲಿ ಕೆಲವು ಹೊಲಿಗೆ ಸಾಲುಗಳನ್ನೂ, ಆ ಸಾಲುಗಳೊಳಗೆ ಕೆಲವರನ್ನೂ ಆರಿಸಲಾಯಿತು. ಹೀಗಾಗಿ ಹೋಲಿಕೆಯ ಎರಡು ಕಡೆಯಲ್ಲಿಯೂ ಆಸಕ್ತರೇ ಇದ್ದರು. ತರಬೇತಿ ದೊರೆಯದೆ ಅದೇ ಸಾಲಿನಲ್ಲಿ ದುಡಿದವರನ್ನು ಯಾರಿಗೂ ತರಬೇತಿ ದೊರೆಯದ ಸಾಲಿನವರೊಡನೆ ಹೋಲಿಸಿದಾಗ, ಕಲಿತವರ ಪ್ರಯೋಜನ ಪಕ್ಕದವರಿಗೂ ಹರಿದುದು ಕಂಡುಬಂದಿತು. ಒಟ್ಟು ವಿನ್ಯಾಸದಲ್ಲಿ ಇದೇ ಅತ್ಯಂತ ಜಾಣ್ಮೆಯ ಅಂಶ. ಸಾಮಾನ್ಯ ಹೋಲಿಕೆಯಲ್ಲಿ ಈ ಹರಿವು ತರಬೇತಿಯ ಫಲವನ್ನು ಕಡಿಮೆಯಾಗಿ ತೋರಿಸುತ್ತಿತ್ತು.

ತರಬೇತಿ ಪಡೆದವರ ಉತ್ಪಾದಕತೆ ಸುಮಾರು ಶೇಕಡಾ 13ರಷ್ಟು ಹೆಚ್ಚಿತು. ತರಬೇತಿ ಮುಗಿದ ಎಂಟು ತಿಂಗಳೊಳಗೆ, ವೆಚ್ಚವನ್ನು ಕಳೆದ ಮೇಲೂ ಅದರ ಎರಡು ಪಟ್ಟಿಗೂ ಮಿಕ್ಕ ಲಾಭ ಸಂಸ್ಥೆಗೆ ಉಳಿಯಿತು. ಆದರೆ ಕಾರ್ಮಿಕರ ವೇತನದಲ್ಲಿ ಆದ ಏರಿಕೆ ಶೇಕಡಾ 1ನ್ನೂ ಮುಟ್ಟಲಿಲ್ಲ. ಉದ್ಯೋಗದಾತರ ಖಾತೆಯಿಂದಷ್ಟೇ ‘ಫಲಿತಾಂಶ’ವನ್ನು ಓದಿದ್ದರೆ ಕಾರ್ಯಕ್ರಮ ಸಂಪೂರ್ಣ ಸಫಲವೆನಿಸುತ್ತಿತ್ತು. ವೇತನವೂ ಅಳತೆಯೊಳಗೆ ಸೇರಿದ್ದರಿಂದ, ಕಲಿತವರ ಪಾಲಿಗೆ ಬಂದುದೆಷ್ಟು ಎಂಬುದೂ ದಾಖಲಾಯಿತು.