ಹಳೆಯ ಕಾರಿನ ಥರ್ಮೋಸ್ಟಾಟ್: ಅಲ್ಪ ವೆಚ್ಚದ ದೊಡ್ಡ ರಕ್ಷಣೆ

ನಮ್ಮ ಸದಸ್ಯರಲ್ಲಿ ಹಲವರ ಮನೆಯಂಗಳದಲ್ಲಿ ತಂದೆಯವರ ಕಾಲದ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರು ಇಂದಿಗೂ ನಿಂತಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತುಹೋಗಿದ್ದು, ಪದ್ಮಿನಿ ಅದಕ್ಕೂ ಮೊದಲೇ ಮರೆಯಾಗಿದೆ. ಆದ್ದರಿಂದ ಇರುವ ಎಂಜಿನ್ನುಗಳನ್ನು ಕಾಪಾಡಿಕೊಳ್ಳುವುದು ಮಾಲೀಕರ ಪಾಲಿಗೆ ಆಸ್ತಿ ಸಂರಕ್ಷಣೆಯ ಪ್ರಶ್ನೆಯೇ ಆಗಿದೆ.

ನಮ್ಮ ತಂದೆಯವರು 1972ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ನನ್ನ ಬಳಿ ಇದೆ. ಕೆಲವು ವರ್ಷಗಳ ಹಿಂದೆ ಅದು ಎಣ್ಣೆ ಕುಡಿಯತೊಡಗಿದಾಗ ಎಂಜಿನ್ ಬಿಚ್ಚಿಸಬೇಕಾಯಿತು. ಸಿಲಿಂಡರುಗಳು ಸವೆದಿದ್ದವು, ಎಣ್ಣೆಯ ತಟ್ಟೆಯಲ್ಲಿ ಕಪ್ಪು ಗಸಿ ಕಟ್ಟಿತ್ತು. ಥರ್ಮೋಸ್ಟಾಟ್ ಇರಬೇಕಾದ ಗೂಡು ಖಾಲಿಯಾಗಿತ್ತು! ಹಿಂದೊಮ್ಮೆ ದಾರಿಯಲ್ಲಿ ನೀರು ಕುದಿದಾಗ ಗ್ಯಾರೇಜೊಂದರಲ್ಲಿ, "ನಮ್ಮ ಬಿಸಿಲಿಗೆ ಇದು ಯಾಕೆ ಸಾರ್?" ಎಂದು ಅದನ್ನು ತೆಗೆದು ಎಸೆದಿದ್ದರು. ಸವೆತಕ್ಕೆ ವಯಸ್ಸೂ ಕಾರಣವೆಂಬುದು ನಿಜ. ಆದರೆ ಬೆಳಿಗ್ಗೆ ಬಹಳ ದೂರ ಚೋಕ್ ಎಳೆದೇ ಓಡಿಸಬೇಕಾಗುತ್ತಿದ್ದುದನ್ನೂ, ಪೆಟ್ರೋಲ್ ಹೆಚ್ಚು ಖರ್ಚಾಗುತ್ತಿದ್ದುದನ್ನೂ ನಾನು ವರ್ಷಗಟ್ಟಲೆ ಗಮನಿಸಲಿಲ್ಲ. ಪರರ ಲೆಕ್ಕದಲ್ಲಿ ಬಿಟ್ಟುಹೋದ ನಮೂದನ್ನು ಹುಡುಕುವ ವೃತ್ತಿಯವನಿಗೆ ಇದು ಒಳ್ಳೆಯ ಪಾಠವಾಯಿತು.

ಅದು ಮಾಡುವ ಕೆಲಸ

ಥರ್ಮೋಸ್ಟಾಟ್ ಎಂದರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರುವ ಬಾಗಿಲು. ಅದರ ಪುಟ್ಟ ಲೋಹದ ಬುಡ್ಡಿಯೊಳಗಿನ ಮೇಣ ಕಾದಾಗ ಹಿಗ್ಗಿ ವಾಲ್ವನ್ನು ತೆರೆಯುತ್ತದೆ. ಆರಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಎಂಜಿನ್ ಬೇಗ ಬಿಸಿಯಾಗಲೆಂದೇ ಈ ಏರ್ಪಾಡು. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ಣ ಉರಿಯದೆ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ತೇವಾಂಶ ಆವಿಯಾಗದೆ ಎಣ್ಣೆಯಲ್ಲಿಯೇ ಉಳಿದು ಗಸಿಯಾಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಥರ್ಮೋಸ್ಟಾಟ್ ಕಾಯುವುದು ಕನಿಷ್ಠ ಶಿಲ್ಕನ್ನು ಮಾತ್ರ. ಗರಿಷ್ಠ ಮಿತಿಯನ್ನು ನೋಡಿಕೊಳ್ಳುವ ಹೊಣೆ ರೇಡಿಯೇಟರಿನದು. ವಾಲ್ವ್ ಪೂರ್ತಿ ತೆರೆದ ಮೇಲೆ 74 ಡಿಗ್ರಿಯದಾದರೂ 88 ಡಿಗ್ರಿಯದಾದರೂ ಫಲ ಒಂದೇ. ಕಟ್ಟಿಕೊಂಡ ರೇಡಿಯೇಟರ್, ಸಡಿಲವಾದ ಫ್ಯಾನ್ ಬೆಲ್ಟ್, ತಪ್ಪಿದ ಇಗ್ನಿಷನ್ ಟೈಮಿಂಗ್, ಸೋರುವ ಹೆಡ್ ಗ್ಯಾಸ್ಕೆಟ್ — ಇವುಗಳಿಂದ ಕುದಿಯುವ ಕಾರನ್ನು ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಗುಣಪಡಿಸಲಾರದು.

ಯಾವುದನ್ನು ಆರಿಸಬೇಕು?

ಕಾರಿನ ಮೂಲ ಕೈಪಿಡಿಯ ಸೂಚನೆಯೇ ಮೊದಲ ಆಧಾರ. ಹಳೆಯ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. 'ಬಿ' ಶ್ರೇಣಿಯದು. ಅದೇ ವಂಶದ ಎಂಜಿನ್ ಹೊಂದಿದ ಎಂ.ಜಿ.ಬಿ. ಕಾರಿಗೆ ಸಾಮಾನ್ಯ ಬಳಕೆಗೆ 82, ಉಷ್ಣ ಪ್ರದೇಶಕ್ಕೆ 74, ಶೀತ ಪ್ರದೇಶಕ್ಕೆ 88 ಡಿಗ್ರಿ ಸೆಲ್ಸಿಯಸ್‌ನ ಥರ್ಮೋಸ್ಟಾಟ್‌ಗಳು ರೂಢಿಯಲ್ಲಿವೆ.

ಬಿಡಿಭಾಗದ ಮೇಲೆ ಕೆತ್ತಿರುವ ಅಂಕಿ ವಾಲ್ವ್ ತೆರೆಯಲು ಆರಂಭಿಸುವ ಉಷ್ಣತೆ. ಪೂರ್ತಿ ತೆರೆಯಲು ಮತ್ತೆ ಸುಮಾರು 10 ಡಿಗ್ರಿ ಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಹಿಡಿದಿಡುವ ಪ್ರತಿ ಪೌಂಡ್ ಒತ್ತಡಕ್ಕೆ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. ಮುಚ್ಚಳ ಸತ್ವ ಕಳೆದುಕೊಂಡಿದ್ದರೆ, 88 ಡಿಗ್ರಿಯದು ಪೂರ್ತಿ ತೆರೆಯುವ ಹೊತ್ತಿಗೆ ನೀರು ಕುದಿಯತೊಡಗಿರುತ್ತದೆ. 82ರದು 92ರ ಸುಮಾರಿಗೆ ತೆರೆದುಕೊಂಡು ಅಂತರ ಉಳಿಸುತ್ತದೆ. ಆದ್ದರಿಂದ ಬೆಂಗಳೂರು, ಮೈಸೂರುಗಳ ಬಳಕೆಗೆ 82 ಸೂಕ್ತ. ರಾಯಚೂರು, ಕಲಬುರಗಿಗಳ ಬಿಸಿಲಿನಲ್ಲಿ ಬಹುಪಾಲು ಓಡುವ ಕಾರಿಗೆ 74ನ್ನು ಪರಿಗಣಿಸಬಹುದು.

ಪರೀಕ್ಷೆ ಮತ್ತು ಜೋಡಣೆ

ಹೊಸದನ್ನೂ ಪರೀಕ್ಷಿಸದೆ ಹಾಕಿಸಬೇಡಿ. ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ದಾರದಲ್ಲಿ ತೂಗುಬಿಟ್ಟು, ಜೊತೆಗೆ ಥರ್ಮಾಮೀಟರ್ ಇಟ್ಟು ಕಾಯಿಸಿ. ಕೆತ್ತಿದ ಅಂಕಿಯ ಒಂದೆರಡು ಡಿಗ್ರಿಯೊಳಗೆ ತೆರೆದರೆ ಸರಿ. ಬಹಳ ತಡವಾದರೆ ಅಥವಾ ಆರಿದ ಮೇಲೂ ಮುಚ್ಚದಿದ್ದರೆ ಹಿಂದಿರುಗಿಸಿ. ಖರೀದಿಸುವಾಗ ವ್ಯಾಸವನ್ನು ಹಳೆಯದರೊಡನೆ ತಾಳೆ ನೋಡಿ. ಜೋಡಿಸುವಾಗ ಮೇಣದ ಬುಡ್ಡಿ ಎಂಜಿನ್ನಿನ ಕಡೆಗಿರಲಿ, ಗಾಳಿ ಹೋಗುವ ಸಣ್ಣ ರಂಧ್ರ ಮೇಲ್ಭಾಗದಲ್ಲಿರಲಿ, ಗ್ಯಾಸ್ಕೆಟ್ ಹೊಸದಾಗಿರಲಿ.

ವ್ಯವಹಾರದ ದೃಷ್ಟಿಯಿಂದ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ಕಾರನ್ನು ವಿಂಟೇಜ್ ವಾಹನವಾಗಿ 'ವಿ.ಎ.' ಶ್ರೇಣಿಯಲ್ಲಿ ನೋಂದಾಯಿಸಲು ಅವಕಾಶವಿದೆ. ಹಾಗೆ ನೋಂದಾಯಿಸಿದ ವಾಹನವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವಂತಿಲ್ಲ ಎಂಬುದನ್ನು ಮದುವೆ, ಚಿತ್ರೀಕರಣಗಳಿಗೆ ಬಾಡಿಗೆಗೆ ಕೊಡುವವರು ಗಮನಿಸಬೇಕು. ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾದರೆ ಈ ಮಾನ್ಯತೆಗೇ ಧಕ್ಕೆ ಬರುವುದರಿಂದ ಮೂಲ ಎಂಜಿನ್ನಿನ ಬೆಲೆ ಹೆಚ್ಚಿದೆ.

ಬಿಡಿಭಾಗಗಳ ವ್ಯಾಪಾರದಲ್ಲಿರುವ ನಮ್ಮ ಸದಸ್ಯರಲ್ಲಿ ಒಂದು ವಿನಂತಿ: ಗಿರಾಕಿ ಬಂದಾಗ ಕಾರಿನ ಹೆಸರಿನೊಂದಿಗೆ ಅದು ಓಡುವ ಊರನ್ನೂ ಕೇಳಿ, ಡಿಗ್ರಿ ನೋಡಿ ಕೊಡಿ. ನನ್ನ ಎಂಜಿನ್ ರಿಪೇರಿಯ ಬಿಲ್ಲಿನಲ್ಲಿ ಅತ್ಯಂತ ಕಡಿಮೆ ಮೊತ್ತದ ಬಾಬ್ತು ಥರ್ಮೋಸ್ಟಾಟಿನದಾಗಿತ್ತು. ಆ ಒಂದು ಬಾಬ್ತನ್ನು ಸಕಾಲದಲ್ಲಿ ಭರಿಸಿದ್ದರೆ ಉಳಿದ ಬಾಬ್ತುಗಳಲ್ಲಿ ಎಷ್ಟೋ ಬರುತ್ತಲೇ ಇರಲಿಲ್ಲ.